ತಾಮ್ರದ ತಂಬಿಗೆಯಲ್ಲಿ ಬಚ್ಚಲ ನೀರು

ನನ್ನ ಗಂಡನ ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆಯಬೇಕಾಗುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿದಾಗ ನಾನು ಮೋಸಂಬಿ ಸುಲಿಯುತ್ತಿದ್ದೆ. ಕೈ ನಿಲ್ಲಲಿಲ್ಲ. ಪೂರ್ತಿ ಸುಲಿದು, ತೊಳೆ ಬಿಡಿಸಿ, ಬೀಜ ತೆಗೆದು ಗಂಡನ ಅಂಗೈಯಲ್ಲಿಟ್ಟ ಮೇಲೆಯೇ ಆ ಮಾತು ನನ್ನ ತಲೆಗೆ ಹೋದದ್ದು. ಡಾಕ್ಟರು ಹೇಳಿದ್ದು ಮರಾಠಿಯಲ್ಲಿ. ನಮ್ಮ ಕಡೆ ಎಲ್ಲರಿಗೂ ಕನ್ನಡದಷ್ಟೇ ಮರಾಠಿಯೂ ಸಲೀಸು, ತಿಳಿಯಲಿಲ್ಲ ಎಂದು ನಟಿಸುವುದಕ್ಕೂ ದಾರಿ ಇರಲಿಲ್ಲ. ನನ್ನ ಗಂಡ ಒಂದು ತೊಳೆ ಬಾಯಿಗೆ ಹಾಕಿಕೊಂಡು, ಹಂಡೆ ಯಾವಾಗ ಬರುತ್ತದೆಂದು ಗಿರಾಕಿ ಕೇಳುವ ಹಾಗೆ, "ಯಾವಾಗ?" ಎಂದು ಕೇಳಿದರು. ಅವರು ಹಾಗೆಯೇ. ಸಿಟ್ಟು, ಅಳು, ಕಿರುಚಾಟ ಎಲ್ಲವನ್ನೂ ದೇವರು ನನ್ನ ಪಾಲಿಗೇ ಹಾಕಿದ್ದಾನೆ.

ನಾವು ಮಹಾರಾಷ್ಟ್ರದ ಗಡಿಯ ಜತ್ತದ ಪೇಟೆಯಲ್ಲಿ ಬಾಂಡೆ ಅಂಗಡಿ ಇಟ್ಟವರು. ಸ್ಟೀಲು, ಹಿತ್ತಾಳೆ, ತಾಮ್ರ, ಅಡುಗೆಮನೆಗೆ ಬೇಕಾದ ಎಲ್ಲ ಪಾತ್ರೆಗಳೂ ನಮ್ಮಲ್ಲಿ ಸಿಗುತ್ತವೆ. ಪ್ಲಾಸ್ಟಿಕ್ ಮಾತ್ರ ಇಲ್ಲ. ಅಂಗಡಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಅದು ನಮ್ಮ ಅತ್ತೆಯ ಕಟ್ಟಪ್ಪಣೆ. ಮಾವ ತೀರಿಕೊಂಡ ಮೇಲೆ ಅಂಗಡಿಯನ್ನು ಮೈದುನ ನೋಡಿಕೊಳ್ಳುತ್ತಾನೆ, ಸುತ್ತಲಿನ ವಾರದ ಸಂತೆಗಳಿಗೆ ಮೋಟರ್‌ಸೈಕಲ್ಲಿನ ಹಿಂದೆ ಪಾತ್ರೆಗಳ ಗಂಟು ಕಟ್ಟಿಕೊಂಡು ನನ್ನ ಗಂಡ ಹೋಗುತ್ತಾರೆ. ಅತ್ತೆ ಮುಂಜಾನೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ಅಂಗಡಿಗೆ ಬಂದು ಕೂರುತ್ತಾಳೆ. ಮಾರಾಟವಾದ ಪ್ರತಿಯೊಂದು ಪಾತ್ರೆಯನ್ನೂ ಅವಳು ಮೆತ್ತನೆಯ ಅರಿವೆಯಿಂದ ಒರೆಸಿ, ಒಳಗೆ ಒಂದು ಚಿಟಿಕೆ ಜೋಳ ಹಾಕಿಯೇ ಕೊಡಬೇಕು. ನಮ್ಮ ಮನೆಯಿಂದ ಹೊರಬೀಳುವ ಪಾತ್ರೆ ಹೊಲಸಾಗಿಯೂ ಇರಬಾರದು, ಬರಿದಾಗಿಯೂ ಇರಬಾರದು ಎಂಬುದು ಅವಳ ನೇಮ. ಪಲ್ಯ ಕೊಟ್ಟು ಕಳಿಸಿದ ನೆರೆಯವರ ಬಟ್ಟಲು ಕೂಡ ನಮ್ಮಲ್ಲಿಂದ ಒಂದಿಷ್ಟು ಸಕ್ಕರೆಯನ್ನಾದರೂ ಹೊತ್ತುಕೊಂಡೇ ಹಿಂತಿರುಗುತ್ತದೆ. ಬಂದ ಹೊಸದರಲ್ಲಿ ನಾನು ಇದಕ್ಕೆ ನಕ್ಕು ಬೈಸಿಕೊಂಡಿದ್ದೆ.

ಆ ದಿನ ಡಫಳಾಪುರದ ಸಂತೆ ಮುಗಿಸಿ ಬರುವಾಗ ಕುರಿ ಹಿಂಡು ರಸ್ತೆಗೆ ಅಡ್ಡ ಬಂತು. ಕುರಿ ಉಳಿಸಲು ಹೋಗಿ ಇವರು ಬಿದ್ದರು, ಇವರ ಮೇಲೆ ಗಾಡಿ ಬಿತ್ತು, ಗಾಡಿಯ ಮೇಲೆ ಪಾತ್ರೆಯ ಗಂಟು. ಮೊಣಕಾಲಿನ ಕೆಳಗಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಕುರಿಯವರೇ ತಮ್ಮ ರುಮಾಲು ಬಿಚ್ಚಿ ಕಾಲು ಕಟ್ಟಿ, ಜೀಪು ನಿಲ್ಲಿಸಿ ಕಳಿಸಿಕೊಟ್ಟರು. ಮಿರಜಿನ ಒಂದು ಆಸ್ಪತ್ರೆಯಲ್ಲಿ ಒಳಗೆ ಉಕ್ಕಿನ ಸಳಿ ಹಾಕಿ ಎಲುಬು ಕೂಡಿಸಿದರು. ಮನೆಗೆ ಕರೆತಂದೆವು. ಒಬ್ಬ ಸಿಸ್ಟರ್ ಬಂದು ದಿನಾ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಗಾಯ ತೊಳೆದ ನೀರನ್ನು ಬೀದಿಗೆ ಚೆಲ್ಲಲು ಅತ್ತೆ ಬಿಡುತ್ತಿರಲಿಲ್ಲ. ಬ್ಯಾನೆ ಬಿದ್ದವರ ನೀರನ್ನು ಮಂದಿ ತುಳಿಯಬಾರದು ಎಂದು ಹಿತ್ತಲಿನ ಬಚ್ಚಲಗುಂಡಿಗೇ ಹಾಕಿಸುತ್ತಿದ್ದಳು. ನಮ್ಮ ಎಮ್ಮೆಯ ಕೊಟ್ಟಿಗೆ ತೊಳೆದ ನೀರೂ ಹರಿದು ಬಂದು ಸೇರುವುದು ಅದೇ ಗುಂಡಿಗೆ.

ಗಾಯ ಮಾಯಲಿಲ್ಲ. ಕೀವು ನಿಲ್ಲಲಿಲ್ಲ. ಪಟ್ಟಿ ಬಿಚ್ಚಿದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಚಳಿಜ್ವರ ಹತ್ತಿದ ಮೇಲೆ ಮತ್ತೆ ಮಿರಜಿಗೆ ಒಯ್ದೆವು. ಸಳಿ ತೆಗೆದರು, ಹೊರಗಿನಿಂದ ಚೌಕಟ್ಟು ಕೂಡಿಸಿದರು, ಗಾಯ ಕೆರೆದು ತೊಳೆದರು, ಮತ್ತೆ ತೊಳೆದರು, ಒಂದರ ಮೇಲೊಂದು ಔಷಧ ಏರಿಸಿದರು. ಗಾಯದ ಕೀವು ಪರೀಕ್ಷೆಗೆ ಹೋಗಿ ಬಂದಿತ್ತು. ಒಳಗೆ ಕೂತಿರುವ ಜಂತು, ಅಂದರೆ ಬ್ಯಾಕ್ಟೀರಿಯಾ, ಯಾವ ಔಷಧಕ್ಕೂ ಜಗ್ಗುವಂಥದ್ದಲ್ಲ ಎಂದರು. ದೊಡ್ಡ ಡಾಕ್ಟರು ಕಾಲು ತೆಗೆಯುವ ಮಾತಾಡಿದ್ದು ಆಗಲೇ. ತೆಗೆಯದಿದ್ದರೆ ವಿಷ ರಕ್ತಕ್ಕೇರಿ ಜೀವವೇ ಹೋಗಬಹುದು ಎಂದರು.

ಅವರ ಕೈಕೆಳಗೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್‌ಬಾಯಿ ಇದ್ದಳು. ಅಥಣಿ ಕಡೆಯ ಹುಡುಗಿ, ನಮ್ಮ ಮಾತೇ ಆಡುತ್ತಿದ್ದಳು, ನನ್ನನ್ನು ಮರಾಠಿಯವರಂತೆ ಮಾವಶಿ, ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು. ದೊಡ್ಡ ಡಾಕ್ಟರು ಹೋದ ಮೇಲೆ ನಾನು ಅವಳನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದೆ.

"ಡಾಕ್ಟರ್‌ಬಾಯಿ, ಖರೇ ಹೇಳ್ರಿ. ರಸ್ತಾದಾಗ ಬಿದ್ದಾಗ ಮಣ್ಣಾಗಿಂದ ಹೊಕ್ಕಿತೇನು ಇದು?"

ಅವಳು ಆಚೀಚೆ ನೋಡಿ ದನಿ ಇಳಿಸಿದಳು. "ಇಲ್ಲರಿ ಮಾವಶಿ. ಇದು ದವಾಖಾನಿ ಜಂತು. ಎಲ್ಲಾ ಔಷಧ ಉಂಡು ಉಂಡು ಗಟ್ಟಿ ಆಗಿದ್ದು. ಮಣ್ಣಿನ್ಯಾಗಿನ ಜಂತು ಇಷ್ಟು ಹಟಮಾರಿ ಇರೂದಿಲ್ಲ."

ಶಿವನೇ! ರೋಗ ಕಳೆಯಲು ಬಂದ ಜಾಗದಲ್ಲೇ ರೋಗ ಕಟ್ಟಿಕೊಂಡು ಹೋಗಿದ್ದೆವು. ಪಾಪ, ಇಷ್ಟು ದಿನ ನಾನು ಆ ಕುರಿಗಳಿಗೂ ಕುರಿಯವರಿಗೂ ಬೈದದ್ದೇ ಬೈದದ್ದು. ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಆ ಹುಡುಗಿಯ ಮೇಲೆ ಸುರಿದೆ. ನನ್ನ ಉಸಿರು ಮುಗಿದಾಗ ಅವಳು ಹೇಳಿದಳು.

"ಇನ್ನೊಂದು ಹಾದಿ ಐತ್ರಿ. ಆದ್ರ ಕೇಳಿ ಗಾಬರಿ ಆಗಬ್ಯಾಡ್ರಿ."

"ಕಾಲು ತಗೀತೀವಿ ಅಂದದ್ದು ಕೇಳೇನಿ. ಇನ್ನೇನು ಗಾಬರಿ ಆಗೂದು ಉಳದೈತಿ? ಹೇಳ್ರಿ."

"ನಮಗ ಹೆಂಗ ರೋಗ ಬರ್ತಾವು, ಹಂಗ ಜಂತಿಗೂ ಬರ್ತಾವ್ರಿ. ಜಂತಿಗಷ್ಟ ಅಂಟೂ ವೈರಸ್ ಅದಾವು. ಫೇಜ್ ಅಂತೀವಿ ಅದಕ್ಕ. ಮನಶ್ಯಾರಿಗೆ ಏನೂ ಮಾಡೂದಿಲ್ಲ. ತನ್ನ ಜಂತು ಸಿಕ್ಕಿತಂದ್ರ ಒಳಗ ಹೊಕ್ಕು, ಮರಿ ಮಾಡಿ, ಅದನ್ನ ಒಡದು ಹೊರಗ ಬರ್ತೈತಿ. ಆದ್ರ ಒಂದು ಜಂತಿನ ಫೇಜ್ ಇನ್ನೊಂದಕ್ಕ ಆಗೂದಿಲ್ಲ. ನಿಮ್ಮವರ ಕಾಲಾಗಿನ ಜಂತಿಗೆ ತಕ್ಕದ್ದು ಹುಡುಕಬೇಕು."

"ಎಲ್ಲಿ ಸಿಗ್ತೈತ್ರಿ ಅದು? ಮುಂಬೈದಾಗೇನು?"

"ಗಟಾರದಾಗ."

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. ಗಂಡನ ಕಾಲು ಹೋಗುವ ಹೊತ್ತಿನಲ್ಲಿ ಯಾರಾದರೂ ಚೇಷ್ಟೆ ಮಾಡುತ್ತಾರೆಯೇ? ಅವಳ ಮುಖದಲ್ಲಿ ನಗು ಇರಲಿಲ್ಲ. ದೂರದ ಊರಿನ ಒಂದು ಪ್ರಯೋಗಾಲಯಕ್ಕೆ ಇವರ ಕೀವನ್ನು ಆಗಲೇ ಕಳಿಸಿದ್ದರಂತೆ. ಅವರ ಹತ್ತಿರ ಕೂಡಿಟ್ಟುಕೊಂಡಿದ್ದ ಫೇಜುಗಳಲ್ಲಿ ಯಾವುದೂ ಇದಕ್ಕೆ ಹೊಂದಲಿಲ್ಲವಂತೆ. ಈ ಜಂತು ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಿಯ ಹೊಲಸು ನೀರು ಕಳಿಸಿ, ಜಂತು ಇದ್ದಲ್ಲಿ ಅದನ್ನು ತಿನ್ನುವುದೂ ಇರುತ್ತದೆ ಎಂದಿದ್ದರಂತೆ. ಆಸ್ಪತ್ರೆಯ ಗಟಾರದ್ದು ಒಂದು ಬಾಟಲಿ ಹೇಗೂ ಹೋಗುತ್ತದೆ ಎಂದಳು.

"ಮನ್ಯಾಗ ಗಾಯ ತೊಳದ ನೀರು ಎಲ್ಲಿ ಚೆಲ್ತಿದ್ರಿ ಮಾವಶಿ?"

"ಹಿತ್ತಲ ಬಚ್ಚಲಗುಂಡ್ಯಾಗ. ಯಾಕ್ರಿ?"

ಅವಳ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬಚ್ಚಲಗುಂಡಿಯ ಹೆಸರು ಕೇಳಿ ಅಷ್ಟು ಖುಷಿಯಾದ ಇನ್ನೊಬ್ಬರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ದೊಡ್ಡ ಡಾಕ್ಟರಿಗೆ ಇದರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಕೆಲವು ದಿನ ಕಾಯಲು ಒಪ್ಪಿದರು. ಜ್ವರ ಏರಿದರೆ ಮಾತ್ರ ಕಾಯುವುದಿಲ್ಲ ಎಂದು ಕರಾರು ಹಾಕಿದರು. ಅವತ್ತು ಬುತ್ತಿ ತಂದಿದ್ದ ಮೈದುನನ ಕೈಗೆ ಡಾಕ್ಟರ್‌ಬಾಯಿಯ ಪ್ಲಾಸ್ಟಿಕ್ ಬಾಟಲಿ ಕೊಟ್ಟು, ತಪಾಸಣೆಗೆ ನಮ್ಮ ಬಚ್ಚಲಗುಂಡಿಯ ನೀರು ಬೇಕಂತೆ, ನಾಳೆ ತುಂಬಿಕೊಂಡು ಬಾ ಎಂದೆ. ಅವನು ಪ್ರಶ್ನೆ ಕೇಳುವ ಪೈಕಿ ಅಲ್ಲ. ಬಾಟಲಿಯನ್ನು ಬುತ್ತಿ ಚೀಲಕ್ಕೆ ಹಾಕಿಕೊಂಡು ಜತ್ತದ ಬಸ್ಸು ಹತ್ತಿದ.

ಮರುದಿನ ತಂದುಕೊಟ್ಟ ಬಾಟಲಿ ನೋಡಿ ನನಗೇ ಬೆರಗು. ನೀರು ತಿಳಿಯಾಗಿತ್ತು. ತಳದಲ್ಲಿ ಏನೋ ಬೂದು ಬಣ್ಣದ್ದು ಒಂದು ಚೂರು ಕೂತಿತ್ತು, ಅಷ್ಟೇ. ಎಲಾ, ನಮ್ಮ ಬಚ್ಚಲೂ ಎಷ್ಟು ಸ್ವಚ್ಛ ಎಂದು ಒಳಗೊಳಗೇ ಬೀಗಿದೆ. ಡಾಕ್ಟರ್‌ಬಾಯಿಗೆ ಬೇರೆ ಎಲ್ಲೋ ಅವಸರವಿತ್ತು. ಬಾಟಲಿಯನ್ನು ಸರಿಯಾಗಿ ನೋಡದೆ ಬರ್ಫದ ಡಬ್ಬಿಗೆ ಹಾಕಿ, ಆಸ್ಪತ್ರೆಯ ಗಟಾರದ ಬಾಟಲಿಯ ಜೊತೆಗೆ ಕಳಿಸಿಬಿಟ್ಟಳು.

ಆಮೇಲೆ ಕಾಯುವುದು. ಮುಂಜಾನೆ ದೊಡ್ಡ ಡಾಕ್ಟರು ಬಂದು ಜ್ವರ ನೋಡುವಾಗ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ನನ್ನ ಗಂಡ ಹಾಸಿಗೆಯಲ್ಲಿ ಮಲಗಿಕೊಂಡೇ ಸಂತೆಯ ಲೆಕ್ಕಾಚಾರ ಹಾಕುತ್ತಿದ್ದರು. ವಳಸಂಗದಲ್ಲಿ ಮದುವೆಯ ಮನೆಯವರು ಹಿತ್ತಾಳೆಯ ಕೊಡ ಹೇಳಿದ್ದಾರೆ, ತಮ್ಮನಿಗೆ ನೆನಪು ಮಾಡು ಎನ್ನುತ್ತಿದ್ದರು. ಕಾಲಿನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಒಮ್ಮೆ ನಾನು ಚಹಾ ತರಲು ಹೋಗಿ ಬಂದಾಗ ಮಾತ್ರ, ಹೊದಿಕೆ ಸರಿಸಿ ಆ ಕಾಲಿನ ಹೆಬ್ಬೆರಳನ್ನು ಅಲ್ಲಾಡಿಸಿ ನೋಡುತ್ತಿದ್ದರು. ನನ್ನನ್ನು ಕಂಡು ಮುಚ್ಚಿಕೊಂಡರು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಕಣ್ಣೀರು ಹಾಕಿದೆ.

ಪ್ರಯೋಗಾಲಯದಿಂದ ಉತ್ತರ ಬಂದಾಗ ಡಾಕ್ಟರ್‌ಬಾಯಿ ನನ್ನನ್ನು ಹುಡುಕಿಕೊಂಡು ಬಂದಳು. ಹುಬ್ಬು ಗಂಟಿಕ್ಕಿದ್ದವು. ಆಸ್ಪತ್ರೆಯ ಗಟಾರದಲ್ಲಿ ಒಂದು ಸಿಕ್ಕಿದೆ, ಆದರೆ ಬಲ ಸಾಲದು, ಜಂತನ್ನು ಅರ್ಧಂಬರ್ಧ ಕಡಿದು ಬಿಡುತ್ತದೆ ಎಂದಳು. ಮನೆಯ ನೀರಿನಲ್ಲಿ?

"ಏನೂ ಇಲ್ಲರಿ. ಫೇಜ್ ಇಲ್ಲ, ಜಂತೂ ಇಲ್ಲ, ಒಂದು ಜೀವಾನೂ ಇಲ್ಲ. ಕುಡಿಯೂ ನೀರೂ ಇಷ್ಟು ಸ್ವಚ್ಛ ಇರೂದಿಲ್ಲ ಮಾವಶಿ. ಬಚ್ಚಲ ನೀರು ಹೌದಲ್ಲರಿ ಅದು?"

ನನಗೆ ಏನೋ ಹೊಳೆದಂತಾಯಿತು. ಅಲ್ಲೇ ನಿಂತು ಮನೆಗೆ ಫೋನು ಹಚ್ಚಿದೆ.

"ಅತ್ತೀ, ಬಾಟ್ಲಿ ತುಂಬಿದವರು ಯಾರ್ರಿ?"

"ನಾನ ತುಂಬೇನಿ. ಯಾಕ?"

"ಹೆಂಗ ತುಂಬಿದ್ರಿ? ಸರಿಯಾಗಿ ಹೇಳ್ರಿ."

ಅತ್ತೆ ಹೆಮ್ಮೆಯಿಂದ ಹೇಳಿದಳು. "ಹೆಂಗ ಅಂದ್ರ? ಮೊದಲ ಗುಂಡಿ ಬಳದು, ಕಸಬರಗಿಲೆ ತಿಕ್ಕಿ, ಫಿನಾಯಿಲ್ ಹಾಕಿ ತೊಳದ್ನಿ. ಆಮ್ಯಾಲ ಬಚ್ಚಲದಾಗ ನೀರ ಬಿಟ್ನಿ. ಆ ನೀರ ತಗೊಂಡು ಮಡಿ ಧೋತರದಾಗ ಸೋಸಿ, ಹುಣಸಿಹಣ್ಣ ಹಚ್ಚಿ ತಿಕ್ಕಿದ ಹೊಸಾ ತಾಮ್ರದ ತಂಬಿಗ್ಯಾಗ ಇಡೀ ರಾತ್ರಿ ಇಟ್ಟೀನಿ. ತಾಮ್ರದಾಗ ಇಟ್ರ ಎಂಥಾ ನೀರೂ ಶುದ್ಧ ಆಗ್ತಾವು. ಮುಂಜಾನೆ ಚಿಟಿಕಿ ಈಬತ್ತಿ ಹಾಕಿ ಬಾಟ್ಲ್ಯಾಗ ಹನಿಸೇನಿ."

ತಳದಲ್ಲಿ ಕೂತಿದ್ದ ಬೂದು ಚೂರು ವಿಭೂತಿ! ನನ್ನ ನಾಲಗೆ ಒಮ್ಮೆಲೇ ಬಿಚ್ಚಿಕೊಂಡಿತು.

"ಯಾಕ್ರಿ? ಯಾಕ ಮಾಡಿದ್ರಿ ಇದನ್ನ? ಹೊಲಸು ನೀರು ಕೇಳಿದ್ರ ಹೊಲಸು ನೀರು ಕೊಡಬೇಕೋ ಬ್ಯಾಡೋ?"

"ತಪಾಸಣಿಗೆ ಅಂದ ನಿನ್ನ ಮೈದುನ! ನಾಳಿಗೆ ಈ ಮಂದಿ ಮನಿ ಹೊಲಸು, ಅದಕ್ಕ ಕಾಲು ಕೊಳೀತು ಅಂತ ಬರದು ಕೈತೊಳಕೊಂಡಾರು. ನಾ ಸುಮ್ಮ ಕುಂದರ್ಲೇನು? ನಮ್ಮ ಮನಿಯಿಂದ ಹೊಲಸು ಹೊರಗ ಹೋಗೂದು ಅಂದ್ರ ಏನು!"

ಅವಳ ಲೆಕ್ಕದಲ್ಲಿ ಅದು ಸರಿಯೇ. ಆರೋಗ್ಯ ಖಾತೆಯವರು ತಪಾಸಣೆಗೆ ಬರುತ್ತಾರೆಂದರೆ ನಮ್ಮ ಓಣಿಯ ಎಲ್ಲರೂ ಹಿಂದಿನ ದಿನವೇ ಮೋರಿ ತಿಕ್ಕುತ್ತಾರೆ. ಅದೆಲ್ಲ ನನಗೆ ಆಗ ಹೊಳೆಯಬೇಕಲ್ಲ! ವಾರ್ಡಿನ ಬಾಗಿಲಲ್ಲಿ ನಿಂತು ನಾನು ಕೂಗಿದ ಕೂಗಿಗೆ ಮಂಚದ ಮೇಲಿನ ರೋಗಿಗಳೆಲ್ಲ ಎದ್ದು ಕೂತರು. ಡಾಕ್ಟರ್‌ಬಾಯಿ ಎಲ್ಲ ಕೇಳಿ ಮೊದಲು ಹಣೆಗೆ ಕೈ ಹಚ್ಚಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. ಕೊನೆಗೆ ಗಂಭೀರವಾಗಿ, "ನಿಮ್ಮತ್ತಿ, ಆಯಿ, ಹೇಳೂದು ಖರೇ ಐತ್ರಿ. ತಾಮ್ರದಾಗ ಜಂತೂ ಉಳಿಯೂದಿಲ್ಲ, ಫೇಜೂ ಉಳಿಯೂದಿಲ್ಲ. ಆದ್ರ ನಮಗ ಬೇಕಾದವೂ ಅವೇ ಅಲ್ಲೇನ್ರಿ?" ಎಂದಳು.

ಅದೇ ಸಂಜೆ ಜ್ವರ ಏರಿತು. ದೊಡ್ಡ ಡಾಕ್ಟರು ನನ್ನನ್ನು ಕರೆದು, ಇನ್ನು ತಡ ಮಾಡಿದರೆ ತಾನು ಹೊಣೆಯಲ್ಲ ಎಂದರು. ಇನ್ನೊಂದೇ ಸಲ ನೀರು ತರುತ್ತೇನೆ, ಅಷ್ಟರವರೆಗೆ ಏನಾದರೂ ಮಾಡಿ ತಡೆಯಿರಿ ಎಂದು ಅವರ ಮುಂದೆ ಸೆರಗೊಡ್ಡಿದೆ. ನಾನು ಯಾರ ಮುಂದೆಯೂ ಹಾಗೆ ಬಾಗಿದವಳಲ್ಲ. ಇರುವುದರಲ್ಲಿ ಬಲವಾದ ಔಷಧವನ್ನೇ ಹನಿ ಹನಿಯಾಗಿ ಏರಿಸುತ್ತ ನೋಡೋಣ ಎಂದರು. ಮೈದುನನನ್ನು ಕರೆಸಿ ಮಂಚದ ಪಕ್ಕ ಕೂರಿಸಿ, ಮುಂಜಾನೆಯ ಮೊದಲ ಬಸ್ಸಿಗೆ ನಾನೇ ಜತ್ತಕ್ಕೆ ಹೊರಟೆ. ತೊಡೆಯ ಮೇಲೆ ಬರ್ಫದ ಡಬ್ಬಿ, ಒಳಗೆ ಖಾಲಿ ಬಾಟಲಿ.

ಅತ್ತೆ ಪೂಜೆ ಮುಗಿಸಿ ಬಾಗಿಲಲ್ಲೇ ನಿಂತಿದ್ದಳು. ಫೋನಿನಲ್ಲಿ ಬೈದದ್ದಕ್ಕೆ ಮುಖ ಊದಿತ್ತು. ನಾನು ಚಪ್ಪಲಿ ಕೂಡ ಬಿಡದೆ ಎಲ್ಲ ಹೇಳಿದೆ. ಇದು ತಪಾಸಣೆಗಲ್ಲ, ಆ ಹೊಲಸಿನಲ್ಲಿರುವುದನ್ನೇ ತೆಗೆದು ಔಷಧ ಮಾಡಿ ನಿಮ್ಮ ಮಗನ ಗಾಯದೊಳಗೆ ಹಾಕುತ್ತಾರೆ ಎಂದೆ.

ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತಳು. ಹೊಸ್ತಿಲ ಮೇಲೆ ಕೂರಬಾರದೆಂದು ನನಗೆ ಎಷ್ಟು ಸಲ ಬೈದವಳು!

"ನನ್ನ ಮಗನ ಮೈಯಾಗ ಬಚ್ಚಲದ್ದು ಹಾಕ್ತೀರಿ? ಎಮ್ಮಿ ಉಚ್ಚಿ ಹರಿಯೂ ಗುಂಡ್ಯಾಗಿಂದು? ನಿನಗ ಬುದ್ಧಿ ನೆಟ್ಟಗ ಐತೇನ? ಅದರಕಿಂತ ಕಾಲ ಹೋಗ್ಲಿ. ಜೀವಾರ ಶುದ್ಧ ಉಳೀತೈತಿ."

ಹೆತ್ತ ತಾಯಿಯ ಬಾಯಲ್ಲಿ ಆ ಮಾತು! ನಾನು ಏನೇನು ಬೈದೆನೋ ಇಲ್ಲಿ ಬರೆಯುವುದಿಲ್ಲ. ಕೊನೆಗೆ ಫೋನು ತೆಗೆದು ಮೈದುನನಿಗೆ ಹಚ್ಚಿ, ವಿಡಿಯೋದಲ್ಲಿ ಗಂಡನ ಮುಖ ತೋರಿಸು ಎಂದೆ. ಫೋನನ್ನು ಅತ್ತೆಯ ಮುಂದೆ ಹಿಡಿದೆ. "ಕಾಲು ನಂದೂ ಅಲ್ಲ, ನಿಮ್ದೂ ಅಲ್ಲ. ಅವರನ್ನ ಕೇಳ್ರಿ."

ಜ್ವರದಲ್ಲಿ ಅವರ ತುಟಿ ಒಡೆದಿದ್ದವು. ತಾಯಿ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು.

"ಯವ್ವಾ," ಎಂದರು ಅವರು, "ನಾ ಬಾಂಡೆ ಹೊರಾಂವ. ಒಂದು ಕಾಲ ಮ್ಯಾಲ ನಿಂತು ಹೆಂಗ ಹೊರ್ಲಿ? ಹೊಲಸರ ಇರ್ಲಿ, ಏನರ ಇರ್ಲಿ, ಕೊಟ್ಟು ಕಳಸು. ತೊಳೀಬ್ಯಾಡ."

ಅಷ್ಟು ದಿನದಲ್ಲಿ ಕಾಲು ಬೇಕೆಂದು ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಸಲ. ಅತ್ತೆ ಮೇಲೆ ಎದ್ದಳು.

ನಾನು ಹಿತ್ತಲಿಗೆ ಓಡಿದೆ. ಅಂದಿನಿಂದ ಅತ್ತೆ ದಿನಾ ತಿಕ್ಕುತ್ತಲೇ ಇದ್ದಿರಬೇಕು, ಬಚ್ಚಲಗುಂಡಿ ಫಳಫಳ ಹೊಳೆಯುತ್ತಿತ್ತು. ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಕಲ್ಲುಗಳ ಸಂದಿಯಲ್ಲಿ ಪಾಚಿ ಕೂಡ ಉಳಿದಿರಲಿಲ್ಲ. ಹೊಲಸು ಕಾಣದೆ ಹೊಟ್ಟೆ ತೊಳಸಿದ್ದು ನನಗೆ ಅದೇ ಮೊದಲು. ಎಲ್ಲ ಮುಗಿಯಿತು ಎಂದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಗುಂಡಿ ಬಳದ ರಾಡಿ ಬಾಳಿ ಬುಡಕ್ಕ ಹಾಕೇನಿ."

ಹಿತ್ತಲ ಮೂಲೆಯಲ್ಲಿ ಬಾಳೆಗಿಡ. ಅದರ ಬುಡದಲ್ಲಿ ಕಪ್ಪು ರಾಡಿಯ ಗುಪ್ಪೆ. ಮೇಲೆ ಒಣಗಿ ಬಿರುಕು ಬಿಟ್ಟಿತ್ತು. ಫಿನಾಯಿಲ್ ಹಾಕುವ ಮೊದಲೇ ಬಳಿದು ತಂದದ್ದು ಅದು. ನಾನು ಕೈ ಹಾಕುವಷ್ಟರಲ್ಲಿ ಅತ್ತೆ ನನ್ನನ್ನು ಸರಿಸಿದಳು. ಹಣೆಯಲ್ಲಿ ಆಗತಾನೆ ಹಚ್ಚಿದ ವಿಭೂತಿ, ಉಟ್ಟದ್ದು ಪೂಜೆಯ ಮಡಿ ಸೀರೆ. ಆ ಮಡಿಯಲ್ಲಿರುವಾಗ ನಾವು ಯಾರೂ ಅವಳನ್ನು ಮುಟ್ಟುವಂತಿಲ್ಲ. ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲೂರಿ ಕೂತು, ಮೇಲಿನ ಒಣ ಪದರವನ್ನು ಕೆದರಿ ತೆಗೆದು, ಒಳಗಿನ ಹಸಿ ರಾಡಿಗೆ ಮುಂಗೈವರೆಗೂ ಕೈ ಹಾಕಿದಳು. ಆ ವಾಸನೆ! ಅವಳು ಮುಖ ಕೂಡ ತಿರುವಲಿಲ್ಲ. ಮುಷ್ಟಿ ಮುಷ್ಟಿ ತೆಗೆದು ಬಾಟಲಿಯ ಬಾಯಿಗೆ ಒತ್ತಿ ಒತ್ತಿ ತುಂಬಿದಳು.

"ಅತ್ತೀ, ಸೋಸಬ್ಯಾಡ್ರಿ ಮತ್ತ."

"ಗೊತ್ತಾತು, ಸುಮ್ಮ ನಿಂದ್ರ."

ತುಂಬಿ ಮುಚ್ಚಳ ಹಾಕಿ ಎದ್ದಳು. ರೂಢಿಯಂತೆ ಸೆರಗಿನಿಂದ ಬಾಟಲಿಯ ಮೈ ಒರೆಸಲು ಕೈ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದಳು. ಹೊರಗೆ ಒರೆಸಿದರೆ ನಡೆಯುತ್ತದೆ ಎಂದೆ. ಒರೆಸಲಿಲ್ಲ, ಹಾಗೆಯೇ ಕೊಟ್ಟಳು. ನಮ್ಮ ಮನೆಯಿಂದ ಮೈ ತುಂಬ ಹೊಲಸು ಮೆತ್ತಿಕೊಂಡು ಹೊರಗೆ ಹೋದ ಮೊದಲ ಪಾತ್ರೆ ಅದು. ಬರಿದಂತೂ ಇರಲಿಲ್ಲ.

ಬಾಟಲಿ ನೋಡಿ ಡಾಕ್ಟರ್‌ಬಾಯಿ, "ಹಾಂ, ಇದಕ್ಕ ಅಂತಾರ ಬಚ್ಚಲಗುಂಡಿ!" ಎಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮತ್ತೆ ಕಾಯುವುದು. ಜ್ವರ ಇಳಿಯಲಿಲ್ಲ, ಆದರೆ ಹೆಚ್ಚೂ ಏರಲಿಲ್ಲ. ಒಂದು ಮಧ್ಯಾಹ್ನ ಅವಳು ಓಡುತ್ತ ಬಂದು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಗಾಜಿನ ತಟ್ಟೆಯ ತುಂಬ ಕೆನೆ ಕಟ್ಟಿದ ಹಾಗೆ ಇವರ ಕಾಲಿನ ಜಂತು ಬೆಳೆದಿತ್ತು. ಹಾಲಿನ ಕೆನೆಯ ಮೇಲೆ ನೀರು ಹನಿದು ತೂತು ಬಿದ್ದ ಹಾಗೆ ಅದರ ತುಂಬ ಸ್ವಚ್ಛ ತೂತುಗಳು.

"ಪ್ರತಿಯೊಂದು ತೂತಿನ್ಯಾಗೂ ಜಂತು ಸತ್ತೈತ್ರಿ ಮಾವಶಿ. ನಿಮ್ಮ ಬಾಳಿ ಬುಡದ್ದು. ಭಾಳ ಚಲೋ ತಿಂತೈತಿ!"

ನಾನು ಆ ತೂತುಗಳನ್ನು ನೋಡಿಯೇ ನೋಡಿದೆ. ಗಂಡನ ಕಾಲು ಕೊಳೆಸಿದ ಜಂತನ್ನು ನಾವೇ ಬೋಗುಣಿ ಬೋಗುಣಿಯಾಗಿ ಹಿತ್ತಲಿಗೆ ಚೆಲ್ಲಿದ್ದೆವು. ಅಲ್ಲಿ ನಮ್ಮ ಕಣ್ಣಿಗೆ ಕಾಣದಂತೆ ಯಾವುದೋ ಅದನ್ನು ತಿಂದು ಮರಿ ಮಾಡುತ್ತ ಕೂತಿತ್ತು.

ಅದನ್ನು ಶುದ್ಧ ಮಾಡುವುದು, ಪರವಾನಗಿ ತರುವುದು, ನಮ್ಮ ಸಹಿ ಹಾಕಿಸುವುದು ಎಲ್ಲ ಮುಗಿದು ಔಷಧ ಬಂದ ದಿನ ಅತ್ತೆಯೂ ಮಿರಜಿಗೆ ಬಂದಿದ್ದಳು. ಸಣ್ಣ ಸಣ್ಣ ಶೀಶೆಗಳು. ಒಳಗೆ ತಿಳಿ ನೀರು. ಅತ್ತೆ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಕೆಂಪಾಯಿತು.

"ಇದನ್ನ ಯಾರು ಸೋಸಿದ್ರು?"

"ಪ್ರಯೋಗಾಲಯದವರು, ಆಯಿ."

"ಅಂದ್ರ ನಾ ಸೋಸಿದ್ರ ತಪ್ಪು, ಅವರು ಸೋಸಿದ್ರ ಔಷಧ? ಇದಕ್ಕ ಇಕಿ ಕಡಿಂದ ನಾ ಊರ ಮುಂದ ಬೈಸಿಕೊಂಡ್ನಿ?"

ಡಾಕ್ಟರ್‌ಬಾಯಿ ನಗುತ್ತ ಅವಳ ಕೈ ಹಿಡಿದಳು. "ನೀವು ಸೋಸಿದಾಗ ಹೊಲಸೂ ಹೋತು, ಜಂತು ತಿನ್ನೂ ಹುಳಾನೂ ಸತ್ತುವು. ಇವರು ಸೋಸಿದಾಗ ಹೊಲಸು ಹೋಗಿ ಅವಷ್ಟ ಉಳದಾವ್ರಿ." ಅತ್ತೆ ನನ್ನ ಕಡೆ ಒಂದು ದೃಷ್ಟಿ ಬೀರಿ ಶೀಶೆ ಹಿಂದಕ್ಕೆ ಕೊಟ್ಟಳು.

ಬೇರೆ ಔಷಧವನ್ನೂ ನಿಲ್ಲಿಸದೆ, ಆ ನೀರನ್ನು ಸಣ್ಣ ನಳಿಗೆಯಿಂದ ಗಾಯದೊಳಗೆ ಬಿಡುತ್ತ ಹೋದರು. ನಾನು ಏನೋ ಪವಾಡ ಕಾಣುತ್ತದೆ ಎಂದು ಕಣ್ಣು ಬಿಟ್ಟುಕೊಂಡು ಕೂತಿದ್ದೆ. ಏನೂ ಕಾಣಲಿಲ್ಲ. ಜ್ವರ ಒಮ್ಮೆ ಇಳಿಯಿತು, ಮತ್ತೆ ಏರಿತು, ನಾನು ಮತ್ತೆ ಎಲ್ಲರಿಗೂ ಬೈದೆ. ಹಾಗೇ ದಿನಗಳು ಹೋದವು. ಒಂದು ಮುಂಜಾನೆ ಸಿಸ್ಟರ್ ಪಟ್ಟಿ ಬಿಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಚಹಾ ಬಟ್ಟಲು ಬಾಯಿಗೆ ಹಚ್ಚಿದೆ. ಚಹಾದ ಏಲಕ್ಕಿ ವಾಸನೆ ಬಂತು. ತಡೆದು ನಿಂತೆ. ಮತ್ತೆ ಮೂಸಿದೆ. ಪಟ್ಟಿ ಬಿಚ್ಚಿದಾಗ ಆ ಕೋಣೆಯಲ್ಲಿ ನನಗೆ ಇಷ್ಟು ದಿನ ಬೇರೆ ಯಾವ ವಾಸನೆಯೂ ಬಂದದ್ದಿಲ್ಲ. ಬಗ್ಗಿ ಗಾಯದ ಹತ್ತಿರ ಮೂಗು ಒಯ್ದೆ. ಕೊಳೆತ ವಾಸನೆ ಇರಲಿಲ್ಲ.

"ಏನ ಮೂಸಲಿಕ್ಕತ್ತಿ?" ಎಂದರು ನನ್ನ ಗಂಡ.

ನನಗೆ ಮಾತೇ ಹೊರಡಲಿಲ್ಲ. ನನಗೆ ಮಾತು ಹೊರಡದ್ದನ್ನು ನೋಡಿ ಅವರಿಗೆ ವಿಷಯ ತಿಳಿಯಿತು. ಹೊದಿಕೆಯ ಅಂಚನ್ನು ಕಣ್ಣಿಗೆ ಒತ್ತಿಕೊಂಡರು. ದೊಡ್ಡ ಡಾಕ್ಟರು ಬಂದು ಗಾಯವನ್ನು ಒತ್ತಿ ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ಮರಾಠಿಯಲ್ಲಿ, ಕಾಲು ಇರಲಿ, ಎಂದರು. ಎಲ್ಲರಿಗೂ ಹೀಗೆ ಆಗುತ್ತದೆಂದು ತಿಳಿಯಬೇಡಿ, ಇನ್ನೂ ಕಲಿಯುತ್ತಿದ್ದೇವೆ ಎಂದೂ ಸೇರಿಸಿದರು. ನಾನು ಮೊದಲ ಮಾತನ್ನಷ್ಟೇ ಕೇಳಿಸಿಕೊಂಡೆ.

ಎಲುಬು ಕೂಡಲು ತಿಂಗಳುಗಳೇ ಹಿಡಿದವು. ಆ ಕಾಲು ತುಸು ಗಿಡ್ಡವಾಗಿದೆ, ಒಂದು ಚಪ್ಪಲಿಗೆ ದಪ್ಪ ಹಿಮ್ಮಡಿ ಹಚ್ಚಿಸಿಕೊಂಡಿದ್ದಾರೆ. ಆಸ್ಪತ್ರೆ ಬಿಡುವ ದಿನ ಅತ್ತೆ ಡಾಕ್ಟರ್‌ಬಾಯಿಗೆ ಒರೆಸಿ ಜೋಳ ಹಾಕಿದ ಹಿತ್ತಾಳೆಯ ಡಬ್ಬಿ ಕೊಟ್ಟಳು. ಕೊಟ್ಟು, ಎಷ್ಟೋ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದಳು.

"ಯವ್ವಾ, ಜಂತು ಎಲ್ಲಾ ತೀರಿದ ಮ್ಯಾಲ ಆ ತಿನ್ನೂ ಹುಳಾ ಏನಾಗ್ತಾವು? ನನ್ನ ಮಗನ ಮೈಯಾಗ ಅದಾವೇನು ಇನ್ನೂ?"

"ಇಲ್ಲ ಆಯಿ, ಹೆದರಬ್ಯಾಡ್ರಿ. ತಿನ್ನಾಕ ಏನೂ ಉಳದಿಲ್ಲಂದ್ರ ಅವೂ ಉಳಿಯೂದಿಲ್ಲ. ತಾವಾಗೇ ಹೋಗ್ತಾವು."

ಅತ್ತೆ ಸಮಾಧಾನ ಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಬಿಳಿಚಿತು.

"ಹಸಕೊಂಡು ಸತ್ತಾವೇನು?"

ಡಾಕ್ಟರ್‌ಬಾಯಿ ಡಬ್ಬಿಯನ್ನು ಎದೆಗೊತ್ತಿಕೊಂಡು ನನ್ನ ಕಡೆ ನೋಡಿದಳು. ಜೀಪಿನಲ್ಲಿ ಜತ್ತ ಮುಟ್ಟುವವರೆಗೂ ಅತ್ತೆ ಮಗನ ಕಾಲನ್ನೇ ನೋಡುತ್ತ ಕೂತಿದ್ದಳು.

ಈ ಸಲದ ಎಳ್ಳಮಾವಾಸ್ಯೆಗೆ ನಮ್ಮ ಚೂರು ಹೊಲಕ್ಕೆ ಚರಗ ಚೆಲ್ಲಲು ಹೋದೆವು. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ. ನಾವು ಉಣ್ಣುವ ಮೊದಲು ಭೂಮಿಗೆ, ಹಕ್ಕಿಗೆ, ಹುಳಹುಪ್ಪಡಿಗೆ ಎಂದು ಬೆಳೆಯ ನಡುವೆ ಎಲ್ಲವನ್ನೂ ತುಸು ತುಸು ಎರಚುವುದು ಪದ್ಧತಿ. ನನ್ನ ಗಂಡ ಕೋಲು ಊರಿಕೊಂಡು, ಎರಡೂ ಕಾಲಿನ ಮೇಲೆ, ಬದುವಿನಗುಂಟ ನಡೆದು ಚರಗ ಚೆಲ್ಲಿದರು. ನಾನು ಜೋಳದ ಮರೆಯಲ್ಲಿ ನಿಂತು ಕಣ್ಣು ತುಂಬ ನೋಡಿದೆ.

ಮನೆಗೆ ಬಂದ ಮೇಲೆ ಅತ್ತೆ ಕಾಣಲಿಲ್ಲ. ಹಿತ್ತಲಿಗೆ ಹೋದರೆ ಬಚ್ಚಲಗುಂಡಿಯ ಅಂಚಿನಲ್ಲಿ ಕೂತಿದ್ದಾಳೆ. ಚರಗದ ಬುಟ್ಟಿಯಲ್ಲಿ ಒಂದು ಪಾಲು ಯಾರಿಗೂ ಹೇಳದೆ ಉಳಿಸಿಕೊಂಡಿದ್ದಳು. ಕಡಬು ಮುರಿದು ಮುರಿದು ಗುಂಡಿಯೊಳಗೆ ಹಾಕುತ್ತಿದ್ದಳು. ನಾನು ದಂಗಾಗಿ ನಿಂತೆ. ನಗು ಬಂತು.

"ಅತ್ತೀ, ಅವು ಕಡಬು ತಿನ್ನೂದಿಲ್ಲರಿ."

"ತಿಂದ್ರ ತಿಂತಾವು, ಬಿಟ್ರ ಬಿಡ್ತಾವು. ನನ್ನ ಮಗನ ಕಾಲು ಕೊಟ್ಟು ಹಸಕೊಂಡು ಹ್ವಾದುವು. ಅವರ ಬಳಗಾರ ಇಲ್ಲಿ ಇರಬೇಕಲ್ಲ? ಬರಿಗೈಲೆ ಹೆಂಗ ಕಳಸ್ಲಿ? ಹೋಗು, ಕುಡಿಯಾಕ ಒಂದೀಟು ನೀರ ತಗೊಂಡು ಬಾ."

ನಾನು ಒಳಗೆ ಹೋಗಿ, ಕೈಗೆ ಸಿಕ್ಕ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದೆ. ಅತ್ತೆ ತಿರುಗಿ ನೋಡಿದವಳೇ ಹೌಹಾರಿ ಎರಡೂ ಕೈಯಿಂದ ಗುಂಡಿಯನ್ನು ಮರೆಮಾಡಿದಳು.

"ತಾಮ್ರದ್ದು ತಂದೀಯೇನ? ಸಾಯಸ್ತೀಯೇನ ಅವನ್ನ? ಓಡು, ಬಾಜೂ ಮನ್ಯಾಗ ಪ್ಲಾಸ್ಟಿಕ್ ಮಗ್ಗ ಇದ್ರ ಇಸಗೊಂಡು ಬಾ!"